ಫೋಟೋಗೆ ನಿಂತ ಪ್ರೋಟೀನ್

ಐದು ತಿಂಗಳು ಕಾದ ಮೇಲೆ ಜಸೀಲಾಳ ಸೀಸೆ ಹೊರಟಿದೆಯೆಂದು ಸಂದೇಶ ಬಂತು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಅವಳು ಸಂಶೋಧನೆ ಮಾಡುತ್ತಿದ್ದಳು. ಸೀಸೆಯಲ್ಲಿದ್ದದ್ದು ಮನುಷ್ಯರ ಮೈಟೊಕಾಂಡ್ರಿಯಾದ ಒಂದು ಪ್ರೋಟೀನ್. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಯಲ್ಲೇ ಮಾಡಿಸಿಕೊಂಡದ್ದು. ಎರಡು ಹನಿಯಷ್ಟಿರಬಹುದು. ಹೆಪ್ಪುಗಟ್ಟಿಯೇ ಇರಬೇಕು, ಬೆಚ್ಚಗಾದರೆ ಮುಗಿಯಿತು.

ಕೊರಿಯರ್ ಗಾಡಿಯವನು ಪೆಟ್ಟಿಗೆಯನ್ನು ದಾರಿ ತಪ್ಪಿ ಮಾಣಿ ಎಂಬ ಊರಿನಲ್ಲಿ ಇಳಿಸಿ ಹೋದ. ಶನಿವಾರ ಬೆಳಿಗ್ಗೆ ಅಲ್ಲಿನ ಏಜೆಂಟ್, ಐಸ್‌ಕ್ರೀಮ್ ಅಂಗಡಿಯ ಹಸನಬ್ಬ, ಎಲ್ಲರಿಗೂ ಹಸನಾಕ, ಫೋನ್ ಮಾಡಿದರು.

"ನಿಮ್ಮದೊಂದು ಪೆಟ್ಟಿಗೆ ಬಂದಿದೆ. ಮೇಲೆ ಹ್ಯೂಮನ್ ಅಂತ ಉಂಟು. ಒಳಗೆ ಮನುಷ್ಯರದ್ದು ಏನಾದರೂ ಉಂಟಾ?"

"ಇಲ್ಲ ಹಸನಾಕ, ಮನುಷ್ಯರಲ್ಲಿ ಇರುವಂಥದ್ದನ್ನೇ ಲ್ಯಾಬಿನಲ್ಲಿ ಮಾಡಿದ್ದು. ಕರಗಿದರೆ ಹಾಳಾಗ್ತದೆ."

"ಹಾಗಾದರೆ ಫ್ರೀಜರಿನಲ್ಲಿ ಇಡ್ತೇನೆ. ನೀವು ಬನ್ನಿ."

ಎರಡು ಬಸ್ಸು ಬದಲಿಸಿ ಅವಳು ಮಾಣಿ ತಲುಪಿದಾಗ ಕರೆಂಟ್ ಇರಲಿಲ್ಲ. ಹಸನಬ್ಬ ಪಕ್ಕದ ಹೋಟೆಲಿನ ಜನರೇಟರಿನಿಂದ ವಯರ್ ಎಳೆದಿದ್ದರು. ಪೆಟ್ಟಿಗೆಗೆ ಜಾಗ ಮಾಡಲು ತೆಗೆದ ಅರ್ಧ ಐಸ್‌ಕ್ರೀಮ್ ಹೊರಗೆ ನೀರಾಗುತ್ತಿತ್ತು. ಫ್ರೀಜರಿನ ಮುಚ್ಚಳದ ಮೇಲೆ 'ಒಳಗೆ ಮನುಷ್ಯರದ್ದು ಉಂಟು, ತೆರೆಯಬೇಡಿ' ಎಂಬ ಚೀಟಿ. ಅದನ್ನು ಅಂಟಿಸಿದ ಮೇಲೆ ಅಂಗಡಿಗೆ ಒಬ್ಬ ಗಿರಾಕಿಯೂ ಬಂದಿರಲಿಲ್ಲ.

"ಬಸ್ಸಿನಲ್ಲಿ ಬೇಡ ಮಗಳೇ," ಎಂದು ಅವರು ಪೆಟ್ಟಿಗೆಯ ಸುತ್ತ ಮಂಜುಗಡ್ಡೆ, ಉಪ್ಪು ತುಂಬಿ, ತಮ್ಮ ಓಮ್ನಿಯಲ್ಲೇ ಮೂಡುಬಿದಿರೆಗೆ ಮುಟ್ಟಿಸಿದರು. ಒಳಗಿನ ಡ್ರೈ ಐಸ್ ಕೂಡ ಇನ್ನೂ ಸ್ವಲ್ಪ ಉಳಿದಿತ್ತು. ಸೀಸೆ ಕಲ್ಲಿನ ಹಾಗಿತ್ತು. ಜಸೀಲಾ ಅದನ್ನು ಲ್ಯಾಬಿನ ದೊಡ್ಡ ಫ್ರೀಜರಿಗೆ ಸೇರಿಸಿ, ಅಂದು ನೆಮ್ಮದಿಯಿಂದ ಊಟ ಮಾಡಿದಳು.

ಸೋಮವಾರ ವಿಭಾಗದ ಮುಖ್ಯಸ್ಥ ರಮಾನಾಥ ಸರ್ ಪತ್ರಿಕೆಯವರನ್ನು ಕರೆಸಿದ್ದರು.

"ಸೀಸೆ ತನ್ನಿ ಜಸೀಲಾ, ಒಂದು ಫೋಟೋ ತೆಗೆಸುವ."

"ಖಾಲಿ ಸೀಸೆ ಇಡುವ ಸರ್. ಯಾರಿಗೂ ಗೊತ್ತಾಗುವುದಿಲ್ಲ."

"ವಿಜ್ಞಾನದಲ್ಲಿ ಹಾಗೆಲ್ಲ ಮೋಸ ಮಾಡಬಾರದು," ಎಂದರು ಸರ್.

ಸ್ವಾಗತವಾಯಿತು, ಪ್ರಾರ್ಥನೆಯಾಯಿತು, ಭಾಷಣವಾಯಿತು. ಸೀಸೆ ಹೂವಿನ ತಟ್ಟೆಯಲ್ಲಿ, ಬೆಳಕಿನ ಎದುರು ಎರಡು ಗಂಟೆ ಕೂತಿತು. ಸೀಸೆಯ ಹೊರಮೈ ಬೆವರುವುದನ್ನು ಜಸೀಲಾ ಮೊದಲ ಸಾಲಿನಿಂದ ನೋಡುತ್ತಿದ್ದಳು. ಎರಡು ಸಲ ಎದ್ದಳು. ಎರಡು ಸಲವೂ ಸರ್ ಕಣ್ಣಲ್ಲೇ ಕೂರಿಸಿದರು.

ಆ ವಾರ ನಡೆಸಿದ ಮೂರು ಪ್ರಯೋಗಗಳಲ್ಲೂ ಪ್ರೋಟೀನ್ ಏನೂ ಮಾಡಲಿಲ್ಲ. ಅಷ್ಟರಲ್ಲಿ ಪತ್ರಿಕೆಯಲ್ಲಿ ಫೋಟೋ ಬಂದಿತ್ತು: 'ಗ್ರಾಮೀಣ ಕಾಲೇಜಿನ ಸಾಧನೆ'.

"ಕರೆಂಟ್ ಹೋಗಿ ಹಾಳಾಯಿತು ಅಂತ ಬರೆಯುವ," ಎಂದರು ಸರ್. "ನಮ್ಮಲ್ಲಿ ಅದು ಇದ್ದದ್ದೇ ಅಲ್ವಾ?"

ಜಸೀಲಾ ಪ್ರಯೋಗದ ಪುಸ್ತಕ ತೆರೆದು ನಡೆದದ್ದನ್ನು ನಡೆದ ಹಾಗೆ ಬರೆದಳು. ಸಭೆ ಶುರುವಾದ ಹೊತ್ತು, ಮುಗಿದ ಹೊತ್ತು, ಸಭಾಂಗಣದ ಸೆಖೆ ಎಷ್ಟು ಡಿಗ್ರಿ, ಒಂದನ್ನೂ ಬಿಡಲಿಲ್ಲ. ಅದೇ ಪುಟ ತೆರೆದು ಪುಸ್ತಕವನ್ನು ಸಹಿಗೆಂದು ಸರ್ ಎದುರಿಟ್ಟಳು.

ಸರ್ ಫೋನಿನಲ್ಲಿ ಯಾರದೋ ಅಭಿನಂದನೆ ಸ್ವೀಕರಿಸುತ್ತಿದ್ದರು. ಪುಟದ ಕಡೆ ನೋಡದೆಯೇ ಅಡಿಯಲ್ಲಿ ಸಹಿ ಹಾಕಿ, ಪುಸ್ತಕವನ್ನು ಅವಳತ್ತ ಸರಿಸಿದರು.