ಎರಡನೇ ಕೌಂಟರಿನ ಕೆಂಪು ಕಣ್ಣು

ನಾನು ಒಂದು ಬಾರ್‌ಕೋಡ್ ಸ್ಕ್ಯಾನರ್. ಅಂಗಡಿಯ ಕೌಂಟರಿನಲ್ಲಿ ಸಾಮಾನಿನ ಕಪ್ಪು ಗೆರೆಗಳ ಮೇಲೆ ಕೆಂಪು ಬೆಳಕು ಬಿಟ್ಟು ‘ಪೀಂ’ ಎನ್ನುವ, ಪಿಸ್ತೂಲಿನಂಥ ಯಂತ್ರವನ್ನು ನೀವು ನೋಡಿರುತ್ತೀರಿ. ಅದು ನಾನು, ಇಲ್ಲವೇ ನನ್ನ ಒಡಹುಟ್ಟಿದವರು. ನೀವು ನಮ್ಮನ್ನು ಗಮನವಿಟ್ಟು ನೋಡಿರಲಾರಿರಿ. ನಿಮ್ಮ ಕಣ್ಣು ಆಗ ಬಿಲ್ಲಿನ ಮೇಲಿರುತ್ತದೆ.

ನನ್ನನ್ನು ಮಾಡಿದವರೇ ನನ್ನನ್ನು ನಂಬಲಿಲ್ಲ. ಕಾರ್ಖಾನೆಯಲ್ಲಿ ನನ್ನ ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಕೂಡಿಸಿದ ಮೇಲೆ, ಕೈಗವಸು ತೊಟ್ಟ ಒಬ್ಬ ಹೆಂಗಸು ನನ್ನನ್ನು ಎದೆಯೆತ್ತರಕ್ಕೆ ಹಿಡಿದು ಸಿಮೆಂಟಿನ ನೆಲಕ್ಕೆ ಬಿಟ್ಟುಬಿಟ್ಟಳು. ಒಡೆಯುತ್ತೇನೆಯೇ ಎಂದು ನೋಡಲು. ಆಮೇಲೆ ಮಸುಕಾದ, ಹರಿದ, ಸುಕ್ಕುಗಟ್ಟಿದ ಗೆರೆಗಳ ಒಂದು ಹಾಳೆ ಹಿಡಿದಳು. ತಪ್ಪು ಓದುತ್ತೇನೆಯೇ ಎಂದು ನೋಡಲು. ನಾನು ಓದಲಾಗದ್ದನ್ನು ಓದಲಿಲ್ಲ, ಸುಮ್ಮನಿದ್ದೆ. ಅದಕ್ಕೇ ಪಾಸು ಮಾಡಿದಳು. ಲೋಕದಲ್ಲಿ ಮೊದಲು ಕಲಿತ ಪಾಠ ಇದು: ನಿನ್ನನ್ನು ಎತ್ತಿ ಹಿಡಿದವರು ಯಾವಾಗ ಕೈ ಬಿಡುತ್ತಾರೋ ಹೇಳಲಾಗದು.

ಹುಬ್ಬಳ್ಳಿಯ ಒಂದು ಗೋಡೌನಿಗೆ ನಾನು ಬಂದೆ. ಸೋಪು, ಬಿಸ್ಕತ್ತು, ಚಹಾಪುಡಿಯ ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಏರಿದ್ದವು. ಅಲ್ಲಿನ ಮೇಲ್ವಿಚಾರಕ ಫಕ್ಕೀರಪ್ಪ ನನ್ನ ಗಾಜಿನ ಮೇಲೆ ಎಂಜಲು ಹಚ್ಚಿ ಅಂಗಿಯ ತುದಿಯಿಂದ ಒರೆಸುತ್ತಿದ್ದ. ಓದದಿದ್ದರೆ ಅಂಗೈಗೆ ಕುಟ್ಟುತ್ತಿದ್ದ. ಕೆಲಸ ಮುಗಿದ ಮೇಲೆ ವೈರು ಹಿಡಿದು, ಬಾವಿಗೆ ಬಿಡುವ ಬಿಂದಿಗೆಯ ಹಾಗೆ ತೂಗಾಡಿಸುತ್ತ ಒಯ್ಯುತ್ತಿದ್ದ. ಒಂದು ದಿನ ಕುತ್ತಿಗೆಯ ಬಳಿ ನನ್ನ ವೈರು ಒಳಗೇ ತುಂಡಾಯಿತು. ಅಲುಗದ ಹಾಗೆ ಹಿಡಿದರೆ ಉಸಿರು ಬರುತ್ತಿತ್ತು, ಅಲುಗಿದರೆ ಹೋಗುತ್ತಿತ್ತು.

ನನ್ನನ್ನು ರಿಪೇರಿಗೆ ಒಯ್ದದ್ದು ದಾವಲಸಾಬನ ಅಂಗಡಿಗೆ. ತೂಕದ ಯಂತ್ರ, ಬಿಲ್ಲಿನ ಪ್ರಿಂಟರು, ನನ್ನಂಥವು, ಎಲ್ಲವನ್ನೂ ಅವನು ಬಿಚ್ಚುತ್ತಿದ್ದ. ನನ್ನನ್ನೂ ಬಿಚ್ಚಿದ. ಬಿಚ್ಚಿಸಿಕೊಳ್ಳುವುದು ಹೇಗಿರುತ್ತದೆಂದು ನಿಮಗೆ ಹೇಳಲಾರೆ. ಒಳಗಿನಿಂದ ಏನು ತೆಗೆದ, ಏನು ಹಾಕಿದ ಎಂದು ಕಾಣುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಕಣ್ಣನ್ನೇ ಬೇರೆ ಇಟ್ಟಿರುತ್ತಾನೆ.

“ಕಣ್ಣಿಗೇನೂ ಆಗಿಲ್ರಿ,” ಎಂದು ಅವನು ಫಕ್ಕೀರಪ್ಪನಿಗೆ ಹೇಳಿದ್ದು ಕೇಳಿಸಿತು. “ಕುತ್ತಿಗಿ ಹಿಚುಕೀರಿ ನೀವು.”

ಗೋಡೌನಿನವರು ಅಷ್ಟರಲ್ಲಿ ಹೊಸ ಸ್ಕ್ಯಾನರು ಕೊಂಡು, ನನ್ನನ್ನು ಅವನಿಗೇ ಬಿಟ್ಟುಕೊಟ್ಟಿದ್ದರು. ಹಾಗಾಗಿ ದಾವಲಸಾಬನು ಹೊಸ ವೈರು ಬೆಸೆದು, ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ನನ್ನನ್ನು ಗದಗಿನ ಒಂದು ಸೂಪರ್‌ ಮಾರ್ಕೆಟ್ಟಿಗೆ ಮಾರಿದ. ಮಾಲೀಕ ಚನ್ನವೀರಪ್ಪ ಕುರಡಗಿ ನನ್ನನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಇದು ನಡೀತದೋ ಮತ್ತ, ದಾವಲಸಾಬ?”

“ನಿಮ್ಮ ವ್ಯಾಪಾರ ನಡೀವಷ್ಟು ದಿನಾ ನಡೀತದ್ರಿ.”

“ಅಂದ್ರ ನಾಳಿಗೇ ನಿಲ್ತದೇನು?” ಎಂದರು ಚನ್ನವೀರಪ್ಪ. ನಗಲಿಲ್ಲ. ಅವರಿಗೆ ಯಾರು ಏನು ಹೇಳಿದರೂ ಅದರ ಹಿಂದೆ ಇನ್ನೇನೋ ಇದೆಯೆಂದು ಅನಿಸುತ್ತಿತ್ತು. ಆ ವಿಷಯದಲ್ಲಿ ನಾವಿಬ್ಬರೂ ಒಂದೇ.

ನನ್ನನ್ನು ಎರಡನೇ ಕೌಂಟರಿನಲ್ಲಿ ಕೂರಿಸಿದರು. ಅಲ್ಲಿ ಕೂರುತ್ತಿದ್ದವಳು ಸುವರ್ಣಾ ಹಡಪದ. ಅಂಗಡಿ ತೆರೆದಾಗಿನಿಂದ ಇದ್ದವಳು, ಬೆಟಗೇರಿಯಿಂದ ನಡೆದು ಬರುತ್ತಿದ್ದಳು. ಕೆಳಗಿನಿಂದ ನೋಡಿದರೆ ಅವಳ ಗದ್ದ, ಮೂಗುತಿ, ಗುಂಡಿ ಒತ್ತಿ ಒತ್ತಿ ಗಟ್ಟಿಯಾದ ತೋರುಬೆರಳು ಕಾಣುತ್ತಿದ್ದವು. ನನ್ನನ್ನು ಕುಟ್ಟುತ್ತಿರಲಿಲ್ಲ. ಓದದಿದ್ದರೆ ಸಾಮಾನನ್ನೇ ತಿರುಗಿಸುತ್ತಿದ್ದಳು.

ಅಲ್ಲಿ ನನಗೆ ಕಷ್ಟ ಕೊಟ್ಟದ್ದು ಇಂಗಿನ ಡಬ್ಬಿ. ಪುಟ್ಟದು, ಗುಂಡಗಿನದು. ಗೆರೆಗಳು ಡಬ್ಬಿಯ ಸುತ್ತ ಬಳಸಿಕೊಂಡು ಹೋಗುತ್ತವೆ, ಮೊದಲ ಗೆರೆ ಕಂಡರೆ ಕೊನೆಯ ಗೆರೆ ಕಾಣದು. ಇಂಥ ಸಾಮಾನಿಗೆ ಕೌಂಟರಿನ ಹೆಣ್ಣುಮಕ್ಕಳು ಒಂದು ಉಪಾಯ ಮಾಡುತ್ತಾರೆ. ಖಾಲಿ ಡಬ್ಬಿಯ ಚೀಟಿ ಬಿಡಿಸಿ, ಗೆರೆಗಳ ಭಾಗವನ್ನು ಕತ್ತರಿಸಿ, ಹತ್ತಿರದಲ್ಲೇ ಎಲ್ಲಾದರೂ ಚಪ್ಪಟೆಯಾಗಿ ಅಂಟಿಸಿಬಿಡುತ್ತಾರೆ. ಯಾರಾದರೂ ಇಂಗು ತಂದರೆ ಡಬ್ಬಿಯನ್ನು ಪಕ್ಕಕ್ಕಿಟ್ಟು ಚೀಟಿಯನ್ನೇ ಓದಿಸುತ್ತಾರೆ. ಸುವರ್ಣಾಳೂ ಕಂಪ್ಯೂಟರಿನ ಪರದೆಯ ಕಾಲಿನ ಮೇಲೆ ಒಂದು ಚೀಟಿ ಅಂಟಿಸಿಕೊಂಡಿದ್ದಳು. ಅದರಿಂದ ವರ್ಷಗಟ್ಟಲೆ ಯಾರಿಗೂ ತೊಂದರೆಯಾಗಲಿಲ್ಲ. ಗುಂಡಿ ಒತ್ತಿದಾಗ ಮಾತ್ರ ನಾನು ಕಣ್ಣು ಬಿಡುತ್ತಿದ್ದೆನಲ್ಲ.

ಆಮೇಲೆ ನನ್ನ ಗುಂಡಿ ಸವೆಯಿತು. ಒತ್ತಿದರೆ ಒಳಗೇ ಉಳಿಯುತ್ತಿತ್ತು. ದಾವಲಸಾಬ ತಿಂಗಳಿಗೊಮ್ಮೆ ರಿಪೇರಿಗೆಂದು ಗದಗಿಗೆ ಬರುತ್ತಿದ್ದವನು ನನ್ನನ್ನು ಬಿಚ್ಚಿ, ಮುಚ್ಚಿ, ತಲೆಯಾಡಿಸಿದ.

“ಈ ಗುಂಡಿ ಈಗ ಸಿಗಂಗಿಲ್ರಿ. ಹಂಗ ಓದೋಹಂಗ ಮಾಡಿಕೊಡ್ತೀನಿ. ಸ್ಟ್ಯಾಂಡಿನ್ಯಾಗ ನಿಲ್ಲಿಸಿ ಮುಂದ ಸಾಮಾನು ಹಿಡದರ ಸಾಕು.”

“ಚಲೋ ಆತು ಭಾಯ್, ನನ್ನ ಬೆರಳು ನೋವಾದರೂ ಕಡಿಮಿ ಆದೀತು,” ಎಂದಳು ಸುವರ್ಣಾ.

ಅವನು ಚೀಲದಿಂದ ಒಂದು ಹಾಳೆ ತೆಗೆದ. ನಮಗೆ ಅಪ್ಪಣೆ ಕೊಡುವುದೂ ಗೆರೆಗಳ ಮೂಲಕವೇ. ಆ ಹಾಳೆಯ ಒಂದು ಸಾಲನ್ನು ಓದಿಸಿದರೆ ಸಾಕು, ನಮ್ಮ ಸ್ವಭಾವವೇ ಬದಲಾಗುತ್ತದೆ. ನನ್ನದೂ ಬದಲಾಯಿತು. ಅಂದಿನಿಂದ ಎದುರಿಗೆ ಯಾವ ಗೆರೆ ಬಂದರೂ, ಯಾರೂ ಕೇಳದಿದ್ದರೂ, ಓದುವವನಾದೆ. ಒಮ್ಮೆ ಓದಿದ್ದನ್ನು ಅದು ಮರೆಯಾಗುವವರೆಗೆ ಮತ್ತೆ ಓದಬಾರದು ಎಂಬುದೊಂದೇ ನನಗಿದ್ದ ಕಟ್ಟಳೆ.

ಸ್ಟ್ಯಾಂಡಿನ ಕತ್ತು ನೇರವಾಗಿದ್ದಾಗ ಎಲ್ಲವೂ ಸರಿಯಾಗಿತ್ತು. ಆದರೆ ಅಕ್ಕಿಯ ಚೀಲದಂಥ ಭಾರದ್ದು ಬಂದರೆ ಸುವರ್ಣಾ ನನ್ನನ್ನು ಕೈಗೆತ್ತಿಕೊಂಡು ಓದಿಸಿ ಮತ್ತೆ ಕೂರಿಸುತ್ತಿದ್ದಳು. ಕೂರಿಸುವಾಗ ಒಮ್ಮೊಮ್ಮೆ ನಾನು ಎಡಕ್ಕೆ ವಾಲುತ್ತಿದ್ದೆ. ಎಡಕ್ಕೆ ಪರದೆಯ ಕಾಲಿತ್ತು, ಕಾಲಿನ ಮೇಲೆ ಇಂಗಿನ ಚೀಟಿ. ಪೀಂ ಎನ್ನುತ್ತಿದ್ದೆ. ಯಾರದೋ ಕೈಚೀಲ ಅಡ್ಡ ಬಂದು ಸರಿದರೆ ಮತ್ತೆ ಪೀಂ. ಪಕ್ಕದ ಒಂದನೇ ಕೌಂಟರಿನಲ್ಲೂ ಅದೇ ಸದ್ದು. ಸಾಲು ಬೆಳೆದ ಹೊತ್ತಿನಲ್ಲಿ ಯಾವ ಪೀಂ ಯಾವುದಕ್ಕೆಂದು ಕೇಳುವವರಿಲ್ಲ. ವೈರಿನ ಆ ತುದಿಯಲ್ಲಿ ನಾನು ಕಳಿಸಿದ್ದಕ್ಕೆ ಏನಾಗುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಆ ತುದಿಯನ್ನು ನಾನು ನೋಡಿಯೇ ಇಲ್ಲ.

ಗಿರಾಕಿಗಳು ಬಿಲ್ಲು ಹಿಡಿದು ಮರಳಿ ಬರತೊಡಗಿದರು. “ಇಂಗ ನಾ ತೊಗೊಂಡೇ ಇಲ್ಲ, ಹಚ್ಚೀರಲ್ಲ?” ಮೊದಲು ಸುವರ್ಣಾ, “ತಪ್ಪಾತ್ರಿ,” ಎಂದು ತೆಗೆದುಹಾಕಿದಳು. ಮತ್ತೊಬ್ಬರು ಬಂದರು. ನೋಡದೆ ಹೋದವರೆಷ್ಟೋ. ಚನ್ನವೀರಪ್ಪ ರ‍್ಯಾಕು ನೋಡಿದರು. ಇಂಗು ಮಾರಿ ಮುಗಿದಿದೆ ಎನ್ನುತ್ತಿತ್ತು ಕಂಪ್ಯೂಟರು, ರ‍್ಯಾಕಿನಲ್ಲಿ ಡಬ್ಬಿಗಳು ತುಂಬಿ ಕುಳಿತಿದ್ದವು.

ಬೇರೆಯವರಾಗಿದ್ದರೆ ಸಾಮಾನು ಹೆಚ್ಚಾಗಿದೆ ಎಂದು ಸಮಾಧಾನಪಡುತ್ತಿದ್ದರೇನೋ. ಚನ್ನವೀರಪ್ಪನವರ ತಲೆ ಹಾಗೆ ಓಡುವುದಿಲ್ಲ. ದುಡ್ಡು ಗಿರಾಕಿಯಿಂದ ಬಂದಾಗಿದೆ, ಲೆಕ್ಕದಲ್ಲಿ ಡಬ್ಬಿ ಹೋಗಿಯಾಗಿದೆ. ಈ ಉಳಿದ ಡಬ್ಬಿಗಳನ್ನು ಯಾರು ಮನೆಗೊಯ್ದರೂ ಕೇಳುವವರಿಲ್ಲ. ಹಾಗೆ ಒಯ್ಯಲೆಂದೇ ಸುವರ್ಣಾ ಬಿಲ್ಲಿಗೆ ಸೇರಿಸುತ್ತಿದ್ದಾಳೆ. ಇದು ಅವರ ಎಣಿಕೆ. ಕೆಟ್ಟ ಎಣಿಕೆಯೆಂದು ನಾನು ಹೇಳಲಾರೆ. ನನಗೂ ಅದು ಹೌದೇನೋ ಅನ್ನಿಸಿತ್ತು. ದಾವಲಸಾಬನ ಮೇಲೂ, ಒಂದನೇ ಕೌಂಟರಿನ ಲಲಿತಾಳ ಮೇಲೂ ಅನ್ನಿಸಿತ್ತು. ಸಂಶಯಕ್ಕೆ ಒಬ್ಬರ ಮೇಲೆ ಕೂತರೆ ಸಾಲದು.

ಮಾರನೆಯ ಸಂಜೆ ಸುವರ್ಣಾ ಹೊರಟಾಗ ಬಾಗಿಲಲ್ಲಿ ಚನ್ನವೀರಪ್ಪ ತಡೆದರು.

“ಚೀಲ ತೋರಸು.”

“ಯಾಕ್ರೀ?”

“ತೋರಸಂದ್ರ ತೋರಸಬೇಕು.”

ಗಿರಾಕಿಗಳು ನಿಂತಿದ್ದರು. ಅವಳು ಚೀಲವನ್ನು ನನ್ನ ಮುಂದೆಯೇ ಕೌಂಟರಿನ ಮೇಲೆ ಬರಿದು ಮಾಡಿದಳು. ಬುತ್ತಿಯ ಡಬ್ಬಿ, ಕೊಡೆ, ಹಣಿಗೆ, ಮಾತ್ರೆಯ ಒಂದು ಸ್ಟ್ರಿಪ್. ಅದರಲ್ಲಿ ನಾನು ಓದುವಂಥದ್ದು ಏನೂ ಇರಲಿಲ್ಲ. ಅಂದಿನಿಂದ ಪ್ರತಿ ಸಂಜೆ ಹೀಗೆಯೇ ಆಯಿತು. ಲಲಿತಾ ಒಮ್ಮೆ, “ಇಂಗು ತಿಂದಾಕಿ ನಾರದ ಇರತಾಳೇನ?” ಎಂದು ಯಾರಿಗೋ ಹೇಳಿ ನಕ್ಕಳು. ಸುವರ್ಣಾಳಿಗೆ ಕೇಳಿಸಿತು. ಕೆಲಸ ಬಿಡುವ ಹಾಗೂ ಇರಲಿಲ್ಲ. ಬಜಾರಿನ ಮಾಲೀಕರೆಲ್ಲ ಬೆಳಿಗ್ಗೆ ಒಂದೇ ಕಡೆ ಚಹಾ ಕುಡಿಯುವವರು. ಕಳ್ಳಿ ಎಂಬ ಹೆಸರು ಹೊತ್ತು ಇಲ್ಲಿಂದ ಹೊರಬಿದ್ದರೆ ಊರಿನ ಯಾವ ಕೌಂಟರಿನಲ್ಲೂ ಅವಳಿಗೆ ಜಾಗವಿರಲಿಲ್ಲ. ಅವಳು ಎಲ್ಲರ ಕೈಗಳನ್ನೂ ನೋಡತೊಡಗಿದಳು. ಲಲಿತಾಳ ಕೈ, ಗಿರಾಕಿಗಳ ಕೈ, ಕೊನೆಗೆ ತನ್ನದೇ ಕೈ. ನನ್ನನ್ನು ಮಾತ್ರ ನೋಡಲಿಲ್ಲ.

ಕೊನೆಗೆ ಚನ್ನವೀರಪ್ಪ, “ನೀ ಇವತ್ತ ರ‍್ಯಾಕ್ ಜೋಡಸು. ಕೌಂಟರಿಗೆ ನಾ ಕುಂಡ್ರತೀನಿ. ಇವತ್ತ ಇಂಗ ಹೆಂಗ ಬೀಳ್ತದ ನೋಡೂಣು,” ಎಂದರು. ಅದರ ಅರ್ಥ ಎಲ್ಲರಿಗೂ ಆಯಿತು. ಇವತ್ತು ಬೀಳದಿದ್ದರೆ ನಾಳೆಯಿಂದ ಅವಳು ಬರುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ವತ್ಸಲಾ ಅಕ್ಕೋರು ಬಂದರು. ಊರಿನ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಚನ್ನವೀರಪ್ಪನವರಿಗೂ ಅವರೇ ಕಲಿಸಿದ್ದು. ತೊಗರಿಬೇಳೆ, ಬೆಲ್ಲ, ಸೋಪು, ಅಕ್ಕಿಯ ಚೀಲ. ಅಕ್ಕಿಯ ಚೀಲಕ್ಕೆಂದು ಚನ್ನವೀರಪ್ಪ ನನ್ನನ್ನು ಎತ್ತಿದರು, ಮತ್ತೆ ಕೂರಿಸಿದರು. ನಾನು ಎಡಕ್ಕೆ ವಾಲಿದೆ. ಪೀಂ.

ಅಕ್ಕೋರು ಬಿಲ್ಲನ್ನು ಅಲ್ಲೇ ನಿಂತು ಸಾಲು ಸಾಲಾಗಿ ಓದುವವರು. ಹಿಂದಿನವರು ಗೊಣಗಿದರೂ ಕದಲುವವರಲ್ಲ.

“ಚನ್ನವೀರಾ, ಇಂಗ ಎಲ್ಲೈತೋ?”

“ಯಾವ ಇಂಗರಿ, ಅಕ್ಕೋರ?”

“ನೀ ಹಚ್ಚಿದ್ದು.” ಬಿಲ್ಲನ್ನು ಅವರ ಮೂಗಿನ ಮುಂದೆ ಹಿಡಿದರು. “ಸಾಲಿಯೊಳಗ ನೀ ಲೆಕ್ಕದಾಗ ಹಾಳ ಇದ್ದಿ ಖರೆ. ಕಳ್ಳ ಇದ್ದಿದ್ದಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಚನ್ನವೀರಪ್ಪನವರ ಕಿವಿ ಕೆಂಪಾಯಿತು. ರ‍್ಯಾಕಿನ ಬಳಿ ಸುವರ್ಣಾ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಡದೆ ನಿಂತಳು.

ಚನ್ನವೀರಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. ಅಕ್ಕಿಯ ಚೀಲವನ್ನು ನನ್ನ ಮುಂದೆ ತಂದರು, ಸರಿಸಿದರು. ಪೀಂ. ಪರದೆಯ ಮೇಲೆ ಇಂಗು. ಮತ್ತೆ ತಂದು ಸರಿಸಿದರು. ಮತ್ತೆ ಇಂಗು. ಮಾಲೀಕರು ಬಗ್ಗಿ, ನನ್ನ ಕೆಂಪು ಬೆಳಕು ಬಿದ್ದಲ್ಲಿಗೆ ಕಣ್ಣು ಹಾಯಿಸಿ, ಪರದೆಯ ಕಾಲಿನ ಚೀಟಿಯನ್ನು ಉಗುರಿನಿಂದ ಕೆರೆದರು.

“ಅದು ನಾನ ಅಂಟಿಸಿದ್ದರಿ,” ಎಂದಳು ಹತ್ತಿರ ಬಂದ ಸುವರ್ಣಾ. “ಆವಾಗ ಗುಂಡಿ ಒತ್ತಿದರಷ್ಟ ಓದತಿತ್ತು. ಈಗ ಹಂಗ ಓದತೈತಿ ಅನ್ನೂದು ನನಗ ಹೊಳೀಲಿಲ್ಲ.”

ದಾವಲಸಾಬನಿಗೆ ಫೋನು ಹೋಯಿತು. “ಮುಂದ ಏನರ ಅಂಟಿಸೀರೇನು ಅಂತ ನಾ ಕೇಳಬೇಕಿತ್ತರಿ. ಕೇಳಲಿಲ್ಲ,” ಎಂದ ಅವನು.

ಸಂಜೆ ಅಂಗಡಿಯ ಕೆಲಸದವರೆಲ್ಲ ಹೊರಡುವ ಹೊತ್ತಿಗೆ ಚನ್ನವೀರಪ್ಪ ಸುವರ್ಣಾಳನ್ನು ಕರೆದರು. ದನಿ ಮೆತ್ತಗಿತ್ತು. ಆ ಮೆತ್ತಗಿನ ದನಿಯನ್ನು ನಾನು ನಂಬಲಿಲ್ಲ.

“ಆತು ಬಿಡು, ಮಷೀನಿನ ತಪ್ಪು. ನಿನ್ನೊಬ್ಬಾಕಿ ಚೀಲಾ ನೋಡಿದ್ವಿ ಅಂತ ಮನಸ್ಸಿಗೆ ಹಚ್ಚಿಗೋಬ್ಯಾಡ. ಇನ್ನ ಮ್ಯಾಲ ಎಲ್ಲಾರದೂ ನೋಡೂಣು. ನೀನ ನಿಂತು ನೋಡು.”

ಸುವರ್ಣಾ ಕೌಂಟರನ್ನು ಬಟ್ಟೆಯಿಂದ ಒರೆಸಿದಳು.

“ಹಂಗಾರ ಮೊದಲ ನಿಮ್ಮ ಚೀಲ ಇಡ್ರಿ, ಸಾವಕಾರ್ರ.”

“ನಂದಾ?”

“ಎಲ್ಲಾರದೂ ಅಂದ್ರಲ್ರೀ.”

ಲಲಿತಾಳ ಸಾಲಿನಲ್ಲಿ ಇನ್ನೂ ಗಿರಾಕಿಗಳಿದ್ದರು. ಇಡದೆ ಬೇರೆ ದಾರಿಯಿರಲಿಲ್ಲ. ಇಟ್ಟರು. ಸುವರ್ಣಾ ಒಂದೊಂದಾಗಿ ಹೊರತೆಗೆದಳು. ಕನ್ನಡಕದ ಗೂಡು, ಬುತ್ತಿಯ ಡಬ್ಬಿ, ರ‍್ಯಾಕಿನಿಂದ ತೆಗೆದ ಎರಡು ಮೈಸೋಪು, ಒಂದು ಪೊಟ್ಟಣ ಚಹಾಪುಡಿ.

“ಇವಕ್ಕ ಬಿಲ್ಲು?”

“ಅಂಗಡಿ ನಂದೈತಿ, ಸುವರ್ಣಾ.”

“ಹೌದ್ರಿ. ಆದರ ರ‍್ಯಾಕಿನ್ಯಾಗ ಕಡಿಮಿ ಬಿದ್ದರ ನಮ್ಮ ಚೀಲ ನೋಡತಾರ.”

ಅವರು ಜೇಬಿಗೆ ಕೈ ಹಾಕಿದರು. “ಹಚ್ಚು,” ಎಂದರು. ಅವಳು ಮೂರನ್ನೂ ನನ್ನ ಮುಂದೆ ಹಿಡಿದಳು, ನಾನು ಓದಿದೆ. ಅವರು ದುಡ್ಡು ಇಟ್ಟು, ಬಿಲ್ಲು ಮಡಚಿ ಜೇಬಿಗೆ ಹಾಕಿಕೊಂಡು, “ಹೋಗ್ರಿ ಎಲ್ಲಾರೂ, ಚೀಲಾ ಗೀಲಾ ಏನೂ ತೋರಸೂದು ಬ್ಯಾಡ,” ಎಂದರು.

ಎಲ್ಲರೂ ಹೊರಟರು. ಸುವರ್ಣಾ ಕದಲಲಿಲ್ಲ.

“ಮತ್ತೇನು?”

“ನನ್ನ ಚೀಲ ಬರಿದು ಮಾಡಿಸಿದ್ದು ಎಲ್ಲಾರ ಮುಂದ ಆಗೇತ್ರಿ.”

ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. ಚನ್ನವೀರಪ್ಪ ನನ್ನ ಕಡೆ ನೋಡಿದರು, ನಾನೇನಾದರೂ ಹೇಳಿಯೇನೋ ಎಂಬಂತೆ. ಆಮೇಲೆ ಬಾಗಿಲಿನವರಿಗೂ ಕೇಳುವ ಹಾಗೆ ಹೇಳಿದರು: “ಸುವರ್ಣಾ ಏನೂ ತೊಗೊಂಡಿಲ್ಲ. ಸಂಶೆ ಪಟ್ಟದ್ದು ನನ್ನ ತಪ್ಪು.”

ಅವಳು ಚೀಲ ಹೆಗಲಿಗೆ ಹಾಕಿಕೊಂಡು ನಡೆದಳು. ಮಾರನೆಯ ದಿನ ಬಂದು ಅದೇ ಕೌಂಟರಿನಲ್ಲಿ ಕುಳಿತಳು. ಕೂರುವ ಮೊದಲು ಸ್ಟ್ಯಾಂಡಿನ ಕತ್ತು ಅಲುಗಿಸಿ ನೋಡಿದಳು. ನನ್ನನ್ನು ಮತ್ತೆಂದೂ ಅವಳು ಪೂರ್ತಿ ನಂಬಲಿಲ್ಲ. ಅದು ಸರಿಯೇ.

ಈಗ ನಾನು ದಾವಲಸಾಬನ ಅಂಗಡಿಯಲ್ಲಿ, ಹಳೆಯ ವೈರುಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿದ್ದೇನೆ. ಅಂಗಡಿಗೆ ಹೊಸ ಸ್ಕ್ಯಾನರು ಬಂತು, ನನ್ನನ್ನು ಬದಲಿಗೆ ಕೊಟ್ಟರು. ನನ್ನ ವೈರು ಬೇರೆ ಯಾರದೋ ಕುತ್ತಿಗೆಗೆ ಹೋಗಿದೆ. ಗಾಜು ಇನ್ನೂ ಇದೆ, ಅದಕ್ಕೂ ಒಬ್ಬ ಗಿರಾಕಿ ಬಂದಾನು.

ಇಲ್ಲಿ ಯೋಚಿಸಲು ಬಿಡುವಿದೆ. ಬಾಳೆಲ್ಲ ಸಾಮಾನುಗಳನ್ನು ಓದಿದೆ ಎಂದುಕೊಂಡಿದ್ದೆ. ಓದಿದ್ದು ಮೇಲಿನ ಚೀಟಿಯನ್ನು ಮಾತ್ರ. ಒಂದು ಡಬ್ಬಿಯನ್ನೂ ಯಾರೂ ನನ್ನೆದುರು ತೆರೆಯಲಿಲ್ಲ. ಆ ಗುಂಡಗಿನ ಡಬ್ಬಿಗಳಲ್ಲಿ ನಿಜಕ್ಕೂ ಇಂಗೇ ಇತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.