ಎಲ್ಲರ ಲೈವ್

ಗೌಡ ಕುಟುಂಬಗಳ ಕ್ರಿಕೆಟ್ ಫೈನಲ್ ಶುರುವಾಗುವ ಹೊತ್ತಿಗೆ ಭಾಗಮಂಡಲದ ಮೈದಾನದ ಸುತ್ತ ಟ್ರೈಪಾಡ್‌ಗಳು ಬೇಲಿಗೂಟಗಳಂತೆ ನಿಂತಿದ್ದವು. ಲೀಗ್ ಪಂದ್ಯಗಳನ್ನು ಹೊಸಗದ್ದೆ ಮನೆಯ ದೀಕ್ಷಿತ್ ಒಬ್ಬನೇ ತನ್ನ ಚಾನೆಲ್‌ನಲ್ಲಿ ಲೈವ್ ಕೊಟ್ಟಿದ್ದ. ಹೊಸಗದ್ದೆ, ಪಾರೆಮನೆ ಕುಟುಂಬಗಳ ನಡುವಿನ ಫೈನಲ್‌ಗೆ ಮನೆಗೊಬ್ಬರಂತೆ ಫೋನ್ ಹಿಡಿದು ಬಂದಿದ್ದರು. ಊರಿಗಿರುವುದು ಒಂದೇ ಟವರ್.

ದೀಕ್ಷಿತ್ ಸಮಿತಿಯ ಅಧ್ಯಕ್ಷ ದೇರಪ್ಪನವರ ಬಳಿ ಹೋದ. "ಮಾವ, ಒಂದೇ ಲೈವ್ ಇರ್ಲಿತ ಮೈಕಲ್ಲಿ ಹೇಳಿ. ನೆಟ್ ಸಾಯ್ತಾ ಉಟ್ಟು."

"ಹೊಸಗದ್ದೆಯವು ಆಡುದು, ಹೊಸಗದ್ದೆಯವನೇ ತೋರ್ಸುದಾ? ನಾಳೆ ಪಾರೆಮನೆಯವರ ಬೈಗುಳ ತಿಂಬದು ನಾನು. ಆಟ ಎಲ್ಲರ್ದು. ಎಲ್ಲರೂ ತೋರ್ಸಲಿ."

ದೀಕ್ಷಿತ್‌ನ ಅತ್ತಿಗೆ ಶ್ವೇತ ಮಸ್ಕತ್‌ನಲ್ಲಿ ನರ್ಸ್. ಗಂಡ ನವೀನ್ ಬ್ಯಾಟ್ ಹಿಡಿದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಇವತ್ತು ನೋಡಲೆಂದೇ ಡ್ಯೂಟಿ ಬದಲಾಯಿಸಿಕೊಂಡಿದ್ದಳು. ನವೀನ್ ಕ್ರೀಸಿಗೆ ಬಂದ, ಬೌಂಡರಿ ಹೊಡೆದ, ಮತ್ತೆ ಹೊಡೆದ. ಶ್ವೇತಳ ಮೆಸೇಜು ಬಂತು: "ದೀಕ್ಷಿ, ಬರೀ ಚಕ್ರ ತಿರ್ಗುದೇ ಕಾಂಬದು."

ಪಂದ್ಯ ಕೊನೆಯ ಓವರುಗಳಿಗೆ ಬಂದಾಗಲೂ ಚಕ್ರವೇ. ದೀಕ್ಷಿತ್ ಒಬ್ಬೊಬ್ಬರನ್ನೇ ಕೇಳುತ್ತ ಹೋದ. ಪಕ್ಕದವರು ನಿಲ್ಲಿಸಿದರೆ ತಾವೂ ನಿಲ್ಲಿಸುತ್ತೇವೆ ಎಂದರು ಎಲ್ಲರೂ. ಪಾರೆಮನೆಯ ಯಮುನಕ್ಕ ಮಾತ್ರ ಆಗುವುದಿಲ್ಲವೆಂದು ನೇರವಾಗಿ ಹೇಳಿದಳು, "ನಿಲ್ಸುಲೆ. ನೀ ನಿಮ್ಮವರ್ನೇ ತೋರ್ಸುವೆ."

"ಆತು, ನಿಮ್ದೇ ಇರ್ಲಿ. ನಾನೇ ಆಫ್ ಮಾಡ್ನೆ. ಪಿಚ್ ಕಡೆ ಹಿಡೀರಿ, ಅಷ್ಟೇ."

"ಎಂತ ಪಿಚ್? ನಾ ಬಂದದ್ ನನ್ನ ಮಗ ಅಶೋಕನ ತೋರ್ಸಿಕೆ."

ಆದರೂ ಅವನು ತನ್ನ ಲೈವ್ ನಿಲ್ಲಿಸಿ, ಅವಳ ಲಿಂಕನ್ನು ಶ್ವೇತಳಿಗೆ ಕಳಿಸಿದ. ಅವನದು ನಿಂತದ್ದನ್ನು ಕಂಡು ಇನ್ನಿಬ್ಬರು ನಿಲ್ಲಿಸಿದರು. ಯಮುನಕ್ಕನ ಚಿತ್ರ ಚೊಕ್ಕವಾಗಿ ಓಡತೊಡಗಿತು. ಅದರಲ್ಲಿದ್ದದ್ದು ಬೌಂಡರಿ ಗೆರೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ಅಶೋಕನ ಬೆನ್ನು ಮಾತ್ರ.

"ಯಕ್ಕಾ, ಒಂದೇ ಒಂದು ಓವರ್ ಆಚೆ ತಿರ್ಗಿಸಿ!"

"ದೋಹಾಲಿ ಅವನ ಅಪ್ಪ ನೋಡ್ತಾ ಒಳೊ. ನಿನ್ನ ಅಣ್ಣನ ನೋಡಿಕೆ ಅವರಿಗೆ ಮರ್ಳಾ?"

ಗೆಲ್ಲಲು ಕೊನೆಯ ಚೆಂಡಿಗೆ ಸಿಕ್ಸರ್ ಬೇಕಿತ್ತು. ನವೀನ್ ಎತ್ತಿ ಹೊಡೆದ. ಚೆಂಡು ಮೇಲೆ ಹೋಗಿ, ನೇರವಾಗಿ ಅಶೋಕನ ಕೈಗೆ ಬಂದು ಬಿತ್ತು. ಯಮುನಕ್ಕ ಕಿರುಚಿದಳು. ಅಷ್ಟಾದರೂ ಅವಳ ಫೋನ್ ಅಲ್ಲಾಡಲಿಲ್ಲ.

ಮೈಕಿನಲ್ಲಿ ದೇರಪ್ಪನವರು ಇಡೀ ಲೋಕಕ್ಕೆ ಆಟ ತೋರಿಸಿದ ಎಲ್ಲ ಚಾನೆಲ್‌ನವರಿಗೂ ಧನ್ಯವಾದ ಹೇಳುತ್ತಿದ್ದರು. ನವೀನ್ ಪ್ಯಾಡ್ ಬಿಚ್ಚಿ ಎಸೆದು, ಬೆವರು ಒರೆಸಿಕೊಳ್ಳುತ್ತ ತಮ್ಮನ ಹತ್ತಿರ ಬಂದ.

"ಶ್ವೇತ ನೋಡ್ತಾ?"

"ನೋಡ್ತ್."

"ಯಾವುದರ ನೋಡ್ತ್?"

ದೀಕ್ಷಿತ್ ಟ್ರೈಪಾಡಿನ ಕಾಲು ಮಡಚಿದ. "ನೀ ಔಟಾದ್ದರ."