ಒಂಬತ್ತು ಚುಕ್ಕಿ

ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ರೇವಮ್ಮ ಸದ್ದು ಕೇಳಿ ಒಳಗೆ ಬರುವಷ್ಟರಲ್ಲಿ ಮಗ ಪರಮೇಶ ಹೆಂಡತಿಯ ಜಡೆ ಹಿಡಿದು ಎರಡನೇ ಸಲ ಅವಳನ್ನು ಗೋಡೆಗೆ ಅಪ್ಪಳಿಸಿದ್ದ. ತೇಜಶ್ರೀಯ ತುಟಿ ಸೀಳಿ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

"ಆ ಪಟಾನ ಯಾವನಿಗ್ ಕಳ್ಸಿದ್ದೆ ಯೋಳು. ಒಳೆನರಸೀಪುರದ ಬಸ್‌ಸ್ಟ್ಯಾಂಡಲ್ಲಿ ನಿಂತೋರ್ ಮೊಬೈಲ್ನಾಗೆಲ್ಲ ಬಟ್ಟೆ ಇಲ್ದೆ ನಿಂತಿದೀಯ."

"ನಿಮ್ಗೇ ಕಳ್ಸಿದ್ದು ಕಣ್ರೀ. ನೀವು ಬೆಳಗೊಳದ ಲಾಡ್ಜ್‌ನಲ್ಲಿ ಕೆಲ್ಸಕ್ಕಿದ್ದಾಗ ಕಳ್ಸು ಕಳ್ಸು ಅಂತ ಪ್ರಾಣ ತಿಂದಿದ್ದು ನೀವೇ. ಇನ್ಯಾರಿಗೂ ಕಳ್ಸಿಲ್ಲ."

"ನನ್ ಫೋನಿಗ್ ಲಾಕ್ ಐತೆ. ಲಾಕ್ ತೆಗ್ಯೋ ಗೆರೆ ನನ್ ಬುಟ್ರೆ ಯಾರಿಗ್ ಗೊತ್ತು?" ಅವನು ಅವಳ ಹೊಟ್ಟೆಗೆ ಒದ್ದ.

ರೇವಮ್ಮನಿಗೆ ಗೊತ್ತಿತ್ತು. ಹೋದ ತಿಂಗಳು ಆ ಫೋನಿನ ಗಾಜು ಒಡೆದಾಗ ಪೇಟೆಗೆ ರಿಪೇರಿಗೆ ಒಯ್ದವಳು ಅವಳೇ. ಚೆಕ್ ಮಾಡಬೇಕು, ಲಾಕ್ ಬರೆದುಕೊಡಿ ಎಂದಿದ್ದ ಅಂಗಡಿಯವನು. ಮಗ ಪಕ್ಕದಲ್ಲಿ ಕೂತು ಬೆರಳಾಡಿಸುವುದನ್ನು ದಿನಾ ನೋಡುತ್ತಿದ್ದ ರೇವಮ್ಮ ಚೀಟಿಯ ಮೇಲೆ ಒಂಬತ್ತು ಚುಕ್ಕಿ ಇಟ್ಟು, ರಂಗೋಲಿ ಎಳೆದಂತೆ ಗೆರೆ ಎಳೆದು ಕೊಟ್ಟಿದ್ದಳು. ಅಂಗಡಿಯವನು ಅದನ್ನು ಫೋನಿನ ಬೆನ್ನಿಗೆ ಅಂಟಿಸಿ ಎರಡು ದಿನ ಇಟ್ಟುಕೊಂಡಿದ್ದ.

"ಬುಡ್ಲಾ ಅವಳ್ನ," ಎಂದು ನಡುವೆ ನುಗ್ಗಿದಳು. ಅವನ ಮೊಣಕೈ ಬಡಿದು ಬಾಯೆಲ್ಲ ಉಪ್ಪಾಯಿತು. ಬಿಡಲಿಲ್ಲ. "ರಿಪೇರಿ ಅಂಗಡಿಯೋನಿಗೆ ಆ ಗೆರೆ ಬರ್ಕೊಟ್ಟೋಳು ನಾನು ಕಣ್ಲಾ. ಒಡೆಯಂಗಿದ್ರೆ ನನ್ನ ಒಡಿ."

ಪರಮೇಶ ಜಡೆ ಬಿಟ್ಟ. ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಕೈಲಿದ್ದ ಫೋನ್ ಬಿಸಾಕಿ, "ಅವನ ಎರಡು ಕೈನೂ ಕಡ್ದಾಕ್ಬುಟ್ಟು ಬತ್ತೀನಿ," ಎಂದು ಏಣಿ ಹತ್ತಿದ. ಮಚ್ಚು ಇದ್ದದ್ದು ಕೊಬ್ಬರಿ ಅಟ್ಟದಲ್ಲಿ.

ಅವನ ಹಿಮ್ಮಡಿ ಮೇಲೆ ಮರೆಯಾದದ್ದೇ ತಡ, ರೇವಮ್ಮ ಏಣಿ ಎಳೆದು ನೆಲಕ್ಕೆ ಕೆಡವಿದಳು. ಎರಡಾಳೆತ್ತರ. ಕೆಳಗೆ ಕಲ್ಲಿನ ನೆಲ.

"ಏಣಿ ಇಕ್ಕವ್ವ," ಎಂದು ಮೇಲಿಂದ ಅರಚಿದ. ಒಣಗಿದ ತೆಂಗಿನಕಾಯಿ ಎತ್ತಿ ಎತ್ತಿ ಎಸೆದ. ಒಂದು ಕಾಯಿ ಕನ್ನಡಿಯನ್ನು ಪುಡಿ ಮಾಡಿತು, ಇನ್ನೊಂದು ರೇವಮ್ಮನ ಭುಜಕ್ಕೆ ಬಿತ್ತು.

"ಅವನ್ನ ಕಡಿದು ನೀನು ಜೈಲಿಗ್ ಓದ್ರೂ ಆ ಪಟ ಅಂಗೇ ಊರೂರು ತಿರುಗ್ತದೆ. ಪೊಲೀಸ್ರಿಗೆ ಯೋಳಿ ಅಳ್ಸಾಕಿಸ್ಬೇಕು. ಅಲ್ಲೀಗಂಟ ಅಲ್ಲೇ ಬಿದ್ದಿರು."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಸೆಯನ್ನು ಎಬ್ಬಿಸಿದಳು.

"ತುಟಿಗೆ ಏನಾಯ್ತು ಅಂತ ಸ್ಟೇಷನ್ನಲ್ಲಿ ಕೇಳ್ತಾರೆ ಅತ್ತೆ," ಎಂದಳು ತೇಜಶ್ರೀ. ಒರೆಸಿಕೊಳ್ಳಲು ಸೆರಗು ಎತ್ತಿದಳು.

ರೇವಮ್ಮ ಅಟ್ಟದ ಕಡೆ ಒಮ್ಮೆ ನೋಡಿ ಅವಳ ಕೈ ಹಿಡಿದಳು.

"ಒರಸ್‌ಬ್ಯಾಡ. ಅದ್ನೂ ಯೋಳು."